ಮನೆ ಕನ್ನಡದ ಪರೀಕ್ಷೆ

೨೦೨೫ರ ನವೆಂಬರ್ ೧೫, ಶನಿವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಕಲ್ಕತ್ತಾದ ಬಾರಾನಗರದಲ್ಲಿ ಬಾಲಚಂದ್ರರು ನಡೆಸುವ ಉಡುಪಿ ಹೋಟೆಲಿನಲ್ಲಿ ಊಟದ ಗಿರಾಕಿಗಳು ಮುಗಿದಿದ್ದರು. ಸಂಜೆಯ ದೋಸೆಗೆ ಕಾವಲಿ ಬಿಸಿಯಾಗಲು ಇನ್ನೂ ಹೊತ್ತಿತ್ತು. ಶನಿವಾರದ ಈ ಬಿಡುವಿನಲ್ಲಿ ಶಟರನ್ನು ಅರ್ಧ ಇಳಿಸಿ, ಮಹಡಿಯ ಮನೆಯಲ್ಲಿ ಎಲ್ಲರೂ ಕೂತು ಒಂದು ಧಾರಾವಾಹಿ ನೋಡುವುದು ರೂಢಿಯಾಗಿತ್ತು.

ಮುಂದಿನ ಕಾಲದ ಕಥೆ ಅದು. ಒಂದು ಯಂತ್ರ ದೂರದ ಊರಿನಲ್ಲಿರುವ ಮಗನ ಮುಖವನ್ನೂ ಧ್ವನಿಯನ್ನೂ ಕದ್ದು, ಅವನ ತಾಯಿಗೆ ದಿನವೂ ವೀಡಿಯೊ ಕರೆ ಮಾಡುತ್ತದೆ. ಮನೆಯಲ್ಲಿ ಯಾರು ಯಾವಾಗ ಒಬ್ಬರೇ ಇರುತ್ತಾರೆ, ಬಾಗಿಲಿನ ಬೀಗ ಹೇಗೆ ತೆರೆಯುತ್ತದೆ ಎಂಬುದನ್ನೆಲ್ಲ ತಾಯಿ ಪ್ರೀತಿಯಿಂದ ಹೇಳಿಬಿಡುತ್ತಾಳೆ. ಆ ದಿನದ ಕಂತು ಬಾಗಿಲು ತೆರೆಯುವಲ್ಲಿಗೆ ನಿಂತಿತು.

“ಹೆತ್ತವಳಿಗೆ ಗೊತ್ತಾಗುದಿಲ್ವಾ? ಏನಾದ್ರೂ ಒಂದು ತೋರಿಸ್ತಾರೆ,” ಎಂದಳು ಬಾಲಚಂದ್ರರ ಹೆಂಡತಿ ವನಮಾಲಾ.

“ಗೊತ್ತಾಗುದಿಲ್ಲ ಅಕ್ಕ,” ಎಂದ ಅವಳ ತಮ್ಮ ಸುಧನ್ವ. ಅವನು ಹತ್ತಿರದ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. “ಸ್ವಲ್ಪ ಧ್ವನಿ ಸಿಕ್ಕಿದ್ರೆ ಸಾಕು. ಉಳಿದದ್ದು ಯಂತ್ರ ಮಾಡ್ತದೆ.”

ಮಗಳು ದೀಕ್ಷಾ ನಕ್ಕಳು. “ಅಮ್ಮ, ಯೂ ಆರ್ ಟೂ ಮಚ್. ಆವತ್ತು ನನ್ನ ಫ್ರೆಂಡ್ ತನ್ಮಯಿ ನನ್ನ ಫೋನ್ ಎತ್ತಿದ್ಲು. ನಾನೇ ಅಂತ ನೀನು ಫುಲ್ ಬೈದೆ ಅವಳಿಗೆ.”

“ಬೈಗುಳ ಯಾರಿಗೆ ಬಿದ್ರೂ ನಷ್ಟ ಇಲ್ಲ,” ಎಂದರು ಬಾಲಚಂದ್ರ.

ವನಮಾಲಾ ಮಾತ್ರ ನಗಲಿಲ್ಲ. ಪರದೆಯ ಮೇಲಿನ ಆ ಹೆಂಗಸು ಬಾಗಿಲ ಚಿಲಕಕ್ಕೆ ಕೈ ಹಾಕಿದ ಬಗೆ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. “ನಮಗೆ ಹಾಗೆ ಫೋನು ಬಂದ್ರೆ ಎಂತ ಮಾಡುದು?” ಎಂದು ಕೇಳಿದಳು.

ಬಾಲಚಂದ್ರರ ಬಳಿ ಉತ್ತರವಿತ್ತು. “ಗೊತ್ತಿಲ್ಲದ ನಂಬರಿಂದ ಯಾರೇ ಮನೆಯವರು ಅಂತ ಮಾತಾಡಿದ್ರೂ, ಮನೆ ಕನ್ನಡದಲ್ಲಿ ಹೇಳು ಅನ್ನುದು. ಕಲ್ಕತ್ತಾದ ಕಳ್ಳನಿಗೆ ಉಡುಪಿ ಕನ್ನಡ ಎಲ್ಲಿಂದ ಬರ್ತದೆ?”

“ನನಗೇ ಬರಲ್ಲ ಅಪ್ಪ.”

“ಹಾಗಾದ್ರೆ ಕಲಿ. ಆ ಕೆಲಸವೂ ಒಂದು ಆಯ್ತು.”

ಎಲ್ಲರೂ ನಕ್ಕರು. ಸುಧನ್ವ ಒಂದು ಕ್ಷಣ ಯೋಚಿಸಿ, “ಒಳ್ಳೆ ಪರೀಕ್ಷೆಯೇ ಭಾವ. ಕಳ್ಳ ಪಾಸಾಗುವ ಸಂಭವ ಬಹಳ ಕಡಿಮೆ,” ಎಂದ. ಅವನು ಹಾಗೆಂದ ಮೇಲೆ ಅದು ಮನೆಯ ನಿಯಮವಾಯಿತು.

ಬುಧವಾರ ಸಂಜೆ ಹೋಟೆಲಿನಲ್ಲಿ ಜನ ತುಂಬಿದ್ದಾಗ ವನಮಾಲಾಳ ಫೋನು ರಿಂಗಣಿಸಿತು. ಗೊತ್ತಿಲ್ಲದ ನಂಬರು. ಅವಳು ಕೈ ಒರೆಸಿಕೊಂಡು ಎತ್ತಿದಳು.

“ಮಾ, ಪೋಡೆ ಗೆಛಿ,” ಎಂದಿತು ಧ್ವನಿ. ಬಿದ್ದುಬಿಟ್ಟೆ ಎಂದು ಬಂಗಾಳಿಯಲ್ಲಿ. ಹಿಂದೆ ರೈಲಿನ ಪ್ರಕಟಣೆ, ಗದ್ದಲ. “ಆಟ್ ಸಿಯಾಲ್ದಾ… ಐ ಥಿಂಕ್ ಇಟ್ಸ್ ಬ್ರೋಕನ್. ಫೋನ್ ಇಸ್ ಗಾನ್ ಟೂ. ಪ್ಲೀಸ್ ಕಮ್.”

ಧ್ವನಿ ದೀಕ್ಷಾಳದ್ದೇ. ವನಮಾಲಾಳಿಗೆ ಭಯವಾದದ್ದು ಅದಕ್ಕೇ. ಧಾರಾವಾಹಿಯ ಆ ತಾಯಿಗೆ ಕೇಳಿಸಿದ್ದೂ ಮಗನದೇ ಧ್ವನಿ.

“ಕನ್ನಡದಲ್ಲಿ ಹೇಳು.”

“ಅಮ್ಮ, ಐ ಕಾಂಟ್… ಪ್ಲೀಸ್.”

“ನನ್ನ ಮಗಳಾದ್ರೆ ಮನೆ ಕನ್ನಡದಲ್ಲಿ ಹೇಳು.”

ಆ ಕಡೆ ಏದುಸಿರು. “ಕೈ… ನನ್ನ ಕೈ…” ಮುಂದಿನ ಶಬ್ದ ಬರಲಿಲ್ಲ. ಅಳು ಬಂತು, ಅಳುವಿನ ನಡುವೆ ಮತ್ತೆ ಬಂಗಾಳಿ. ವನಮಾಲಾ ಕರೆ ಕತ್ತರಿಸಿದಳು.

ದೀಕ್ಷಾಳ ನಂಬರಿಗೆ ಮಾಡಿದರೆ ಸ್ವಿಚ್ ಆಫ್. “ಕ್ಲಾಸಿನಲ್ಲಿರಬೇಕು,” ಎಂದರು ಗಲ್ಲಾದಲ್ಲಿದ್ದ ಬಾಲಚಂದ್ರ. “ಅಂತೂ ಕಳ್ಳನ ಬಾಯಿ ಮುಚ್ಚಿಸಿದೆ ನೀನು.” ಅವಳು ತಮ್ಮನಿಗೂ ಫೋನು ಮಾಡಿ ಹೇಳಿದಳು. ದನಿಯಲ್ಲಿ ಹೆಮ್ಮೆಯಿತ್ತು, ನಡುಕವೂ ಇತ್ತು.

“ಸರಿ ಮಾಡಿದೆ ಅಕ್ಕ,” ಎಂದ ಸುಧನ್ವ. “ಕನ್ನಡದಲ್ಲಿ ಏನೂ ಹೇಳಲೇ ಇಲ್ವಾ?”

“ಎರಡು ಶಬ್ದ ತೊದಲಿತು. ಮತ್ತೆ ಅಳು.”

ಫೋನು ಇಟ್ಟ ಮೇಲೂ ಆ ಎರಡು ಶಬ್ದಗಳು ಅವನನ್ನು ಬಿಡಲಿಲ್ಲ. ಇಷ್ಟು ಚೆನ್ನಾಗಿ ಧ್ವನಿ ಕದ್ದ ಯಂತ್ರ ಯಾಕೆ ತೊದಲಬೇಕು? ಯಾವ ಪರೀಕ್ಷೆಯಲ್ಲೂ ಎರಡು ತಪ್ಪುಗಳಿಗೆ ಜಾಗವಿರುತ್ತದೆ, ಸುಳ್ಳನ್ನು ಒಳಗೆ ಬಿಡುವುದು ಮತ್ತು ನಿಜವನ್ನು ಹೊರಗೆ ತಳ್ಳುವುದು. ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ಅವನು ಮೊದಲ ವಾರವೇ ಹೇಳುವ ಪಾಠ. ಶನಿವಾರ ಅವನು ಕಳ್ಳನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದ. ತನಗೇ ಬರುವುದಿಲ್ಲ ಎಂದು ಹುಡುಗಿ ಎದುರಿಗೇ ಕೂತು ಹೇಳಿದಾಗ ಉಳಿದವರ ಜೊತೆ ತಾನೂ ನಕ್ಕಿದ್ದ.

ಅಕ್ಕನಿಂದ ಆ ನಂಬರು ತರಿಸಿಕೊಂಡು ಕರೆ ಮಾಡಿದ. ಎತ್ತಿದವಳು ಸಿಯಾಲ್ದಾ ನಿಲ್ದಾಣದ ಹೊರಗೆ ಹಣ್ಣು ಮಾರುವ ಹೆಂಗಸು. ಮೆಟ್ಟಿಲ ಮೇಲಿನ ನೂಕುನುಗ್ಗಲಲ್ಲಿ ಹುಡುಗಿ ಬಿದ್ದಳು, ಯಾರೋ ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು ಎಂದಳು. ಆಮೇಲೆ ಬಂಗಾಳಿಯಲ್ಲಿ ಕೇಳಿದಳು: “ಅವಳಿಗೆ ಯಾರೂ ಇಲ್ಲವಾ ದಾದಾ? ಅಮ್ಮ ಅಮ್ಮ ಅಂತಿದ್ದಳು, ಆ ಕಡೆಯವರು ಫೋನೇ ಇಟ್ಟುಬಿಟ್ಟರು.”

ಸುಧನ್ವ ಅಕ್ಕ, ಭಾವನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಾಗ ದೀಕ್ಷಾ ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲಿದ್ದಳು. ಬಲಗೈಯನ್ನು ಯಾರದೋ ದುಪಟ್ಟಾದಲ್ಲಿ ಕಟ್ಟಿ ಕೊರಳಿಗೆ ತೂಗಿಸಿದ್ದರು. ಬಾಲಚಂದ್ರ ಎದುರಿಗೆ ನಿಂತರು. ವನಮಾಲಾ ಪಕ್ಕದಲ್ಲಿ ಕೂತು ಮಗಳ ಎಡಗೈ ಹಿಡಿದಳು. ಅವಳು ಬಿಡಿಸಿಕೊಳ್ಳಲಿಲ್ಲ, ತಿರುಗಿ ಹಿಡಿಯಲೂ ಇಲ್ಲ.

“ತುಂಬಾ ನೋಯ್ತದಾ ಮಗಾ?”

ದೀಕ್ಷಾ ಎದುರಿನ ಗೋಡೆಯನ್ನು ನೋಡುತ್ತ, ಒಂದೊಂದೇ ಶಬ್ದವನ್ನು ಹುಡುಕಿ ಇಟ್ಟಳು. “ಹೌದು ಅಮ್ಮ. ನನ್ನ ಬಲಗೈ ತುಂಬಾ ನೋಯುತ್ತಾ ಇದೆ.”

“ಇಂಗ್ಲಿಷಲ್ಲೇ ಹೇಳು ಮಗಾ. ಬಂಗಾಳಿಯಲ್ಲೇ ಹೇಳು.”

“ಬೇಡ. ತಪ್ಪಾದರೆ ನೀನು ಇಟ್ಟುಬಿಡ್ತೀಯ.”

ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ಸುಧನ್ವ ಒಬ್ಬನೇ ಎದ್ದು ಹೋದ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕಪ್ಪು ಗೆರೆಯೊಂದರ ಮೇಲೆ ಪೆನ್ನಿನ ತುದಿಯಿಟ್ಟು ತೋರಿಸಿದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ಮುರಿದ ತುದಿ ತನ್ನ ಜಾಗದಿಂದ ನಾಲ್ಕು ಮಿಲಿಮೀಟರ್ ಸರಿದಿತ್ತು.