ನೇಮಣ್ಣನ ರಾತ್ರಿ ಊಟ

ಫೋಟೊದಿಂದ ವಿಡಿಯೊ ಹುಟ್ಟಿಸುವ ಹಳೆಯ ಎಐ ಟೂಲ್ ಮಾಡಿಕೊಟ್ಟ ನೇಮಣ್ಣನಿಗೆ ಕಣ್ಣು ಮಿಟುಕಿಸುವುದಷ್ಟೇ ಬರುತ್ತಿತ್ತು. ರೊಟ್ಟಿ ಮುರಿಯಲು ಹೇಳಿದರೆ ಬೆರಳುಗಳು ರೊಟ್ಟಿಯೊಳಗೇ ಕರಗಿಹೋಗುತ್ತಿದ್ದವು. ನಗಲು ಹೇಳಿದರೆ ಬಾಯಿ ಅಗಲವಾಗುತ್ತಿತ್ತು, ಮುಖ ಮಾತ್ರ ಆಧಾರ್ ಕಾರ್ಡಿನದೇ. ಅಜ್ಜ ನೇಮಣ್ಣ ತೀರಿಕೊಂಡು ವರ್ಷವಾಗುವ ದಿನ ಘೋಡಗೇರಿಯ ಬಸದಿಯಲ್ಲಿ ತೋರಿಸಬೇಕಾದ ವಿಡಿಯೊ ಅದು. ಈ ಗೊಂಬೆಯನ್ನು ತೋರಿಸಿದರೆ ಊರಿಗೆ ಊರೇ ನಗುತ್ತದೆ ಎಂದು ಮೊಮ್ಮಗಳು ರೂಪಾಲಿಗೆ ಖಾತ್ರಿಯಾಗಿತ್ತು.

ಅರಭಾವಿಯ ತೋಟಗಾರಿಕೆ ಕಾಲೇಜಿನಿಂದ ಬಸ್ಸಿನಲ್ಲಿ ಬರುತ್ತಾ ಅವಳು ಮಹೇಶನಿಗೆ ಫೋನ್ ಮಾಡಿದಳು. ಮಹೇಶ ಮೂಡಲಗಿಯಲ್ಲಿ ಸ್ಟುಡಿಯೊ ಇಟ್ಟವನು, ಅವಳ ಜೊತೆ ಕಲಿತವನು.

"ಅದನ್ನs ಇನ್ನೂ ಹಿಡ್ಕೊಂಡ ಕುಂತಿಯೇನ?" ಅವನು ನಕ್ಕ. "ಹೊಸಾ ಟೂಲಿಗೆ ಬಾ. ನೀ ಒಂದ ಮಾತ ಹೇಳಿದ್ರ ಉಳದದ್ದನ್ನ ಅದs ತಿಳ್ಕೊಂತೈತಿ."

"ನಾ ಹೇಳಲಾರದ್ದನ್ನ ಅದ್ಯಾಕ ತಿಳ್ಕೋಬೇಕ?"

"ನಿಮ್ಮ ಮನಿತನಾನs ಹಂಗ ನೋಡ. ಬರೇ ಸಂಶೇ!"

ಮನೆಗೆ ಬಂದು ರೂಪಾಲಿ ಹೊಸ ಟೂಲಿಗೆ ಅಜ್ಜನ ಫೋಟೊ ಹಾಕಿದಳು. ಅಜ್ಜ ಊಟಕ್ಕೆ ಕೂತಿದ್ದಾನೆ, ಜೋಳದ ರೊಟ್ಟಿ ಮುರಿಯುತ್ತಾನೆ, ಮೇಲೆ ನೋಡಿ ನಗುತ್ತಾನೆ ಎಂದಷ್ಟೇ ಬರೆದಳು. ಬಂದದ್ದನ್ನು ಕೂಡಲೇ ಹಚ್ಚಿ ನೋಡಿದಳು. ಬೆರಳು ಬೆರಳಾಗಿದ್ದವು, ರೊಟ್ಟಿ ರೊಟ್ಟಿಯಾಗಿ ಮುರಿಯಿತು, ಅಜ್ಜ ಹೊಟ್ಟೆತುಂಬ ನಕ್ಕ. ಹಳೆಯ ಟೂಲ್ ಕಲಿಸಿದ್ದ ಚಾಳಿಯಂತೆ ಅವಳು ಮತ್ತೆ ಮತ್ತೆ ನೋಡಿದ್ದು ಬೆರಳುಗಳನ್ನೇ. ಬೇರೆ ಏನನ್ನೂ ನೋಡಲಿಲ್ಲ.

ಅಜ್ಜಿ ಪದ್ಮವ್ವ ನೋಡಿದಳು.

ಹೊತ್ತು ಇಳಿಯುತ್ತಿತ್ತು. ಪದ್ಮವ್ವನ ಸಂಜೆಯ ತಾಟು ಬಡಿಸಿಟ್ಟಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಅವಳೂ ನೇಮಣ್ಣನೂ ಹರೆಯದಲ್ಲೇ ಜೈನ ಮುನಿಗಳ ಮುಂದೆ ಜೋಡಿಯಾಗಿ ನಿಂತು, ವ್ರತ ತೊಟ್ಟು, ರಾತ್ರಿ ಊಟವನ್ನೂ ಉಳ್ಳಾಗಡ್ಡಿಯನ್ನೂ ಬಿಟ್ಟವರು. ವಿಡಿಯೊದ ಕೊನೆಗೆ 'ಕಡೆಯವರೆಗೂ ವ್ರತ ಪಾಲಿಸಿದ ಶ್ರಾವಕ' ಎಂಬ ಸಾಲು ಇರಲೇಬೇಕು ಎಂದವಳೂ ಅವಳೇ. ದೇವರ ಎದುರು, ನಾಲ್ಕು ಮಂದಿಯ ನಡುವೆ, ಆ ಸಾಲಿಗೆ ಅವಳು ಸಾಕ್ಷಿಯಾಗಿ ನಿಲ್ಲಬೇಕಿತ್ತು.

"ಕಿಟಕ್ಯಾಗ ಕತ್ತಲ ಐತಿ," ಎಂದಳು.

ರೂಪಾಲಿ ಮೊಬೈಲನ್ನು ತನ್ನ ಕಡೆ ತಿರುಗಿಸಿಕೊಂಡಳು. ಕಿಟಕಿಯ ಹೊರಗೆ ಗವ್ವೆನ್ನುವ ಕತ್ತಲೆ. ತಲೆಯ ಮೇಲೆ ಟ್ಯೂಬ್‌ಲೈಟು. ತಾಟಿನ ಅಂಚಿಗೆ, ಖಾನಾವಳಿಯಲ್ಲಿ ಕೊಡುವಂತೆಯೇ, ಹೆಚ್ಚಿಟ್ಟ ಉಳ್ಳಾಗಡ್ಡಿ.

"ಅಯ್ಯ, ಇದು ಮಷಿನ್ ಮಾಡಿದ್ದ, ಆಯಿ. ಖರೇದಲ್ಲ. ರೊಟ್ಟಿ ಅಂದ್ರ ಬಾಜೂಕ ಉಳ್ಳಾಗಡ್ಡಿ ಇರ್ತೈತಿ ಅಂತ ಅದಕ್ಕ ಯಾರೋ ಕಲಿಸ್ಯಾರ."

"ಉಣ್ಣಾವ್ರು ಯಾರು?"

"ಅಜ್ಜಾ. ಅಂದ್ರ, ಅಜ್ಜಾನ ಹಂಗ..."

"ಹಂಗೇನ ಬಂತು? ಕಿವಿ ಮ್ಯಾಲಿನ ಮಚ್ಚಿ ಸೈತ ಐತಿ." ಪದ್ಮವ್ವ ತಾಟನ್ನು ಬದಿಗೆ ಸರಿಸಿದಳು. "ಬೆಲ್ಲಾ ಮಾರಾಕ ಗೋಕಾಕಕ್ಕ ಹೋದಾಗೆಲ್ಲ ತಡಾ ಮಾಡಿ ಬರ್ತಿದ್ರು. ಹಸಿವಿಲ್ಲ ಅಂತ ಮಕ್ಕೋತಿದ್ರು. ವ್ರತಾ ಅಂತ ನಾ ಸುಮ್ನಿದ್ದೆ. ಇಡೀ ದಿನಾ ಪ್ಯಾಟ್ಯಾಗ ತಿರಗಿದಾಂವಗ ಹಸಿವಿಲ್ಲಂದ್ರ?"

ರೂಪಾಲಿ ಗಡಬಡಿಸಿ ಹಳೆಯ ಟೂಲ್ ತೆರೆದಳು. ಹಾಳಾಗಿಹೋಗಲಿ ಬೆರಳು. ಹಗಲು, ಬಿಸಿಲು, ತಾಟಿನಲ್ಲಿ ರೊಟ್ಟಿ ಮತ್ತು ಬೇಳೆ ಮಾತ್ರ ಎಂದು ಬಿಡಿಸಿ ಬಿಡಿಸಿ ಬರೆದಳು. ಗೊಂಬೆಯಂಥ ನೇಮಣ್ಣ ಕಟ್ಟಿಗೆಯ ಮುಖ ಹೊತ್ತು, ಸುಡುಬಿಸಿಲಲ್ಲಿ ಕೂತು ಬಾಯಿ ಅಗಲಿಸಿದ.

ಪದ್ಮವ್ವ ಅದನ್ನೂ ಗಮನವಿಟ್ಟು ನೋಡಿದಳು. "ಇದs ಸುಳ್ಳ ಐತಿ. ನಾ ಕೇಳಿದ ಮ್ಯಾಲ ತಿದ್ದಿದಿ."

"ಎರಡೂ ಸುಳ್ಳ, ಆಯಿ!"

"ಹಂಗಾದ್ರ ಮೊದಲಿಂದಕ್ಕ ಅಜ್ಜಾನ ಕಳಾ ಹೆಂಗ ಬಂತು?"

ಮಷಿನ್ನಿಗೆ ಅಜ್ಜ ಗೊತ್ತಿಲ್ಲ, ಗೋಕಾಕ ಗೊತ್ತಿಲ್ಲ, ಒಂದು ಫೋಟೊ ಬಿಟ್ಟು ಏನೂ ಗೊತ್ತಿಲ್ಲ. ರೂಪಾಲಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಎಲ್ಲ ಬಿಟ್ಟು ಉಳ್ಳಾಗಡ್ಡಿಯನ್ನೇ ಯಾಕೆ ಇಟ್ಟಿತು ಎಂದು ಒಳಗೊಳಗೇ ಕೊರೆಯತೊಡಗಿತು.

ಅಷ್ಟರಲ್ಲಿ ಕಬ್ಬಿಗೆ ನೀರು ಬಿಟ್ಟು ಅಭಿನಂದನ ಕಾಕಾ ಬಂದ. ಪೇಟೆಗೆ ಬೆಲ್ಲ ಹೋದಾಗಲೆಲ್ಲ ಅಪ್ಪ ನೇಮಣ್ಣನ ಜೊತೆ ಗಾಡಿಯಲ್ಲಿ ಹೋಗುತ್ತಿದ್ದವನು ಅವನೇ. ಅವನನ್ನು ಸಾಕ್ಷಿಗೆ ಕರೆದರೆ ಜಗಳ ಮುಗಿಯುತ್ತದೆ ಎಂದುಕೊಂಡು ರೂಪಾಲಿ ರಾತ್ರಿಯ ವಿಡಿಯೊ ಹಚ್ಚಿ ಮೊಬೈಲನ್ನು ಅವನ ಕೈಗೆ ಕೊಟ್ಟಳು.

ಕಾಕಾ ನೋಡಿದ. ಕೈಯೊಳಗಿನ ಟಾವೆಲ್ ನೆಲಕ್ಕೆ ಬಿತ್ತು.

"ಇದನ್ನ ಯಾರ ತಗದಾರ? ಆ ಖಾನಾವಳ್ಯಾಗ ಕ್ಯಾಮೆರಾ ಇರಲಿಲ್ಲಲ್ಲ?"

ಆಡಿದ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಕಾಕಾನ ಮುಖ ಸಣ್ಣದಾಯಿತು.

"ಅಲ್ಲ, ಅವ್ವಾ... ಯಾವಾಗರ ಒಮ್ಮೆ. ಗಾಡಿ ಕೆಟ್ಟ ದಿನ."

"ನೀನೂ ಉಂಡಿ?"

"ಅಪ್ಪನs ಕುಂತ ಮ್ಯಾಲ ನಾ ಏನ್ ಮಾಡ್ಲಿ?"

ಪದ್ಮವ್ವ ಅಳಲಿಲ್ಲ, ಬೈಯಲಿಲ್ಲ. ಬಿಡಿಸಿಟ್ಟ ಲೆಕ್ಕ ತಾಳೆಯಾದಂತೆ ಒಮ್ಮೆ ತಲೆಯಾಡಿಸಿದಳು. "ರೂಪಾ, ಆ ಕಡೀ ಸಾಲ ತಗಿ. ದೇವರ ಮುಂದ ಸುಳ್ಳಿಗೆ ನಾ ನಿಂದ್ರೂದಿಲ್ಲ."

"ವಿಡಿಯೊ?"

"ಬಸ್ತ್ಯಾಗ ಬಿಸಲಿನ ಗೊಂಬಿ ತೋರಸ. ಮಂದಿ ನಕ್ರ ನಗಲಿ. ಇದನ್ನ ನನ್ನ ಮೊಬೈಲಿಗೆ ಹಾಕ."

"ಯಾಕವ್ವಾ?" ಕಾಕಾ ಹೆದರುತ್ತ ಕೇಳಿದ. "ನನ್ನ ಬೈಯಾಕ?"

"ನಿನ್ನ ಬೈಯಾಕ ವಿಡಿಯೊ ಯಾಕ ಬೇಕೋ?" ಪದ್ಮವ್ವ ಅವನ ಕೈಯಿಂದ ಮೊಬೈಲನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ನೇಮಣ್ಣ ಕತ್ತಲೆಗೆ ಬೆನ್ನು ಹಾಕಿ ರೊಟ್ಟಿ ಮುರಿದು, ಮೇಲೆ ನೋಡಿ ನಕ್ಕ. "ಇಷ್ಟು ವರ್ಷ ಬಡಿಸೇನಿ. ಮನ್ಯಾಗ ಉಣ್ಣುವಾಗ ಒಂದ ದಿನಾನೂ ಹಿಂಗ ನಗಲಿಲ್ಲ."

"ಆಯಿ, ಆ ನಗೂನೂ ಮಷಿನ್ನs ಮಾಡಿದ್ದು," ಎಂದಳು ರೂಪಾಲಿ. "ಖರೇನs ಹೇಳ್ತೇನಿ."

"ಉಳ್ಳಾಗಡ್ಡಿ ಖರೆ, ನಗು ಸುಳ್ಳೇನ?"

ಹೊರಗೆ ಕಬ್ಬಿನ ಹಿಂದೆ ಹೊತ್ತು ಮುಳುಗಿತು. ಬಡಿಸಿಟ್ಟ ತಾಟು ಹಾಗೇ ಇತ್ತು. ಇನ್ನು ನಾಳೆ ಬೆಳಗಾಗುವವರೆಗೆ ಪದ್ಮವ್ವ ಅದನ್ನು ಮುಟ್ಟುವವಳಲ್ಲ.

"ಇನ್ನೊಮ್ಮೆ ಹಚ್ಚ," ಎಂದಳು.