ಬಾಣಂತಿಯ ನೀರು

ಹೊಳೆಸಾಲ ಸಂಸ್ಥಾನದ ಪ್ರಜಾಸಭೆಗೆ ಚುನಾವಣೆ ನಡೆದ ವರ್ಷ ನಾನು ಮಧ್ಯಮ ಸುಧಾರಣಾ ಪಕ್ಷದ ಕಾರ್ಯಕರ್ತ. ಹಿರಿಯರನ್ನು ಜರೆಯದೆ ಹಳೆಯ ತಪ್ಪನ್ನು ಬಿಡಿಸಬೇಕೆಂಬುದು ನಮ್ಮ ಪಕ್ಷದ ನಿಲುವು. ಸನಾತನಿಗಳು ನಮ್ಮನ್ನು ಧರ್ಮಗೇಡಿಗಳೆಂದರು. ಬಿರುಸಿನ ತರುಣರು ಹೇಡಿಗಳೆಂದರು.

ಕುಲಗೋಡದ ನಮ್ಮ ಮನೆಯಲ್ಲಿ, ತವರಿಲ್ಲದ ನನ್ನ ಹೆಂಡತಿ ಸಾತವ್ವ ಹೆತ್ತು ಎರಡು ದಿನವಾಗಿತ್ತು. ಬಾಣಂತಿಗೆ ಐದು ದಿನ ಹನಿ ನೀರೂ ಕೊಡಬಾರದೆಂಬುದು ಮನೆಯ ಪದ್ಧತಿ. ಮುಂಜಾನೆ ಕೋಣೆಯ ಹೊರಗೆ ನಿಂತು ಕೇಳಿಸಿಕೊಂಡೆ: "ಅತ್ತೀ, ನಾಲಿಗಿ ಅಂಗುಳಕ್ಕ ಅಂಟೇತ್ರಿ. ಒಂದ ಗುಟಕ..."

ಸೂಲಗಿತ್ತಿ ಮೈಮುನಾಬಿ ಹೊರಗೆ ಬಂದು ನಮ್ಮವ್ವನಿಗೆ ಹೇಳಿದಳು. "ಕೆಂಚಕ್ಕಾ, ಮೈ ಕಾದ ಹಂಚಾಗೇತಿ. ಕೂಸಿಗೆ ಹಾಲ ಬರವಲ್ದು. ಗೋಕಾಕದ ಡಾಕ್ಟರರು ನೀರ ಕುಡಸ್ರಿ ಅಂತಾರ."

"ಡಾಕ್ಟರ ಎಷ್ಟ ಹಡದಾನಂತ ಕೇಳಬೇಕಿತ್ತು! ನಾ ಆರು ಹಡದೇನಿ," ಎಂದಳು ನಮ್ಮವ್ವ.

ಅಷ್ಟರಲ್ಲಿ ಪಕ್ಷದ ಮುಖಂಡ ರಾಚಪ್ಪ ಮಾಸ್ತರರು ನನ್ನನ್ನು ಮೂಡಲಗಿಯ ಸಭೆಗೆ ಕರೆದೊಯ್ಯಲು ಚಕ್ಕಡಿ ತಂದರು. ಅಂದು ನಾನು ಮಾತಾಡಬೇಕಿದ್ದದ್ದು ಬಾಣಂತಿಯರ ಆರೈಕೆಯ ಮೇಲೆ!

"ನಾ ಬರೂದಿಲ್ರಿ. ಮನ್ಯಾಗ ಬಾಯಿ ಬಿಡದಾಂವ ಅಲ್ಲೇನ ಭಾಷಣ ಮಾಡ್ಲಿ?" ಎಂದು ತಂಬಿಗೆ ತುಂಬಿಕೊಂಡು ಕೋಣೆಯತ್ತ ನಡೆದೆ.

ಅವ್ವ ಅಡ್ಡ ನಿಂತಳು. "ಗಂಡಸ ಬಾಣಂತಿ ಕ್ವಾಣ್ಯಾಗ? ಸೂತಕ ಮುಗದಿಲ್ಲೋ ಮುರಿಗೆಪ್ಪಾ!"

"ಲಿಂಗ ಕಟ್ಟಿದವರಿಗೆ ಸೂತಕ ಇಲ್ಲಂತ ಮಠದಾಗ ಕೇಳಿ ಕೈ ಮುಗೀತೇವಿ. ಮನಿಗೆ ಬಂದ ಕೂಡ್ಲೆ ಮರೀತೇವೇನಬೇ?"

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹೋದ ವರ್ಷ ನಿನ್ನ ತಂಗಿ ಯಮನವ್ವ ಇದ ಕ್ವಾಣ್ಯಾಗ ನೀರು ನೀರು ಅನಕೋತ ಹೋದ್ಲು. ಈಕಿ ನೀರ ಕುಡದು ಉಳದ್ರ, ಆಕಿನ್ನ ನಾನ ಕೊಂದಂಗಾತಲ್ಲೋ!"

ಮಾಸ್ತರರು ಕಟ್ಟೆಯ ಮೇಲೆ ಕುಳಿತು ಮೆಲ್ಲಗೆ ಹೇಳಿದರು: "ಯವ್ವಾ, ಗೊತ್ತಿಲ್ಲದ್ದಕ್ಕ ನಿಮಗ ಯಾರೂ ತಪ್ಪ ಹೊರಸೂದಿಲ್ಲ. ಈಗ ಗೊತ್ತಾತು. ತಣ್ಣೀರ ಬ್ಯಾಡಂದ್ರ ಬ್ಯಾಡ. ಅಜವಾನ ಹಾಕಿ ಕುದಿಸಿ, ಆರಿಸಿ ಕೊಡ್ರಿ. ನಿಮ್ಮ ಮಾತೂ ಉಳೀಲಿ, ಸೊಸೀನೂ ಉಳೀಲಿ."

"ಎಂಥಾ ಪಕ್ಷರಿ ನಿಮ್ದು, ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ," ಎಂದು ಗೊಣಗುತ್ತಲೇ ಅವ್ವ ತಂಬಿಗೆ ಕಸಿದುಕೊಂಡು ಒಲೆ ಹೊತ್ತಿಸಿದಳು. ಗುಟುಕು ಗುಟುಕಾಗಿ ತಾನೇ ಕುಡಿಸಿದಳು. ನಾಲ್ಕನೆಯ ದಿನ ಜ್ವರ ಇಳಿಯಿತು. ಕೂಸಿಗೆ ಹಾಲು ಸಿಕ್ಕಿತು.

ಚುನಾವಣೆಯಲ್ಲಿ ನಮ್ಮ ಪಕ್ಷ ಸೋತಿತು. ಆದರೂ ನಾನು ಶಿವನಿಗೆ, ಮೈಮುನಾಬಿಗೆ, ಮಾಸ್ತರರಿಗೆ ಇಂದಿಗೂ ಕೈ ಮುಗಿಯುತ್ತೇನೆ. ಎಲ್ಲರಿಗಿಂತ ಹೆಚ್ಚಾಗಿ ಅವ್ವನಿಗೆ. ನನಗೆ ಬೇಕಾಗಿದ್ದದ್ದು ಒಂದು ತಂಬಿಗೆ ನೀರು. ಅದಕ್ಕಾಗಿ ಅವಳು ತನ್ನ ಮಗಳ ಸಾವನ್ನು ಮತ್ತೊಮ್ಮೆ ಹೊರಬೇಕಾಯಿತು.

ನಮ್ಮ ಕೂಸು ಹುಟ್ಟಿದ ಮರುತಿಂಗಳು ಬಾಜೂ ಮನೆಯ ಸೊಸೆ ಹೆತ್ತಳು. ಅವ್ವ ತಂಬಿಗೆ ಹಿಡಿದು ಅಲ್ಲಿಗೆ ಹೋದಳು. ಅಲ್ಲಿಯ ಹಿರಿಯಳು ಅಲ್ಲವ್ವ, "ಕೆಂಚವ್ವಾ, ನಮ್ಮ ಮನಿ ಪದ್ಧತಿ ಕೆಡಸಬ್ಯಾಡ," ಎಂದು ಕೂಗಾಡುವುದು ನಮ್ಮ ಪಡಸಾಲೆಗೂ ಕೇಳಿಸಿತು.

ಅವ್ವನ ದನಿ ಏರಲಿಲ್ಲ.

"ಪದ್ಧತಿಗೆ ನಾ ಮಗಳನ್ನ ಕೊಟ್ಟೇನಿ, ಅಲ್ಲವ್ವಾ. ಅಷ್ಟ ಸಾಕು. ಒಲಿ ಹಚ್ಚ."