ಇನ್ನೊಂದು ತುತ್ತು

ಅನುಶ್ರೀ ಅನ್ನ ನುಂಗುತ್ತಲೇ ಇದ್ದಳು. ಕೆಮ್ಮಿಕೊಂಡು, ಬಾಗಿಲ ಕಡೆ ನೋಡಿಕೊಂಡು, ಮತ್ತೊಂದು ತುತ್ತು. ಪಿರಿಯಾಪಟ್ಟಣದ ಆಸ್ಪತ್ರೆಗೆ ಸೇರಿದಾಗಿನಿಂದ ನೀರೂ ಬೇಡವೆನ್ನುತ್ತಿದ್ದ ಐದು ವರ್ಷದ ಮೊಮ್ಮಗಳು ಹೀಗೆ ಉಣ್ಣುವುದನ್ನು ಕಂಡು ಪುಟ್ಟಸಿದ್ದಮ್ಮನಿಗೆ ಖುಷಿಯೋ ಖುಷಿ.

ಮಗುವಿಗೆ ಕಫ ಕಟ್ಟಿ ಜ್ವರ ಏರಿತ್ತು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ಗೆ ಬೆಂಕಿ ಹಾಕಿದ್ದರಿಂದ, ಅದನ್ನು ಕಾಯಲು ಅಪ್ಪ ಅಮ್ಮ ಬೆಳಿಗ್ಗೆ ಊರಿಗೆ ಓಡಿದ್ದರು. ಆಮೇಲೆ ಕೈಗೆ ಹಾಕಿದ್ದ ಸೂಜಿ ಕಿತ್ತುಬಂದಿತ್ತು. ಬೇರೆ ಹಾಕದೆ ಔಷಧಿ ಕೊಡುವಂತಿರಲಿಲ್ಲ.

ನರ್ಸ್ ಪವಿತ್ರ ಟ್ರೇ ಹಿಡಿದು ಬಂದದ್ದೇ ತಡ, ಅನುಶ್ರೀ ಕಿರುಚಿಕೊಂಡಳು.

"ಉಣ್ತಾ ಇವ್ನಿ ಕಣಜ್ಜಿ! ನೋಡು, ಎಲ್ಲ ಉಣ್ತೀನಿ! ಸೂಜಿ ಬ್ಯಾಡ ಅಂತ ಹೇಳು!"

"ಊಟಕ್ಕೂ ಸೂಜಿಗೂ ಏನಜ್ಜಿ ಸಂಬಂಧ?" ಎಂದಳು ಪವಿತ್ರ.

"ಉಣ್ಣಾಕಿಲ್ಲ ಅಂತ ಅಟ ಮಾಡ್ದಾಗ ಡಾಕ್ಟ್ರ ತಾವ ಸೂಜಿ ಚುಚ್ಚುಸ್ತೀನಿ ಅಂತಿದ್ದೆ. ಎಲ್ರೂ ಅಂಗೇ ಅಲ್ವಾ ಉಣ್ಸೋದು?"

ನಿಜವೇ. ನಮ್ಮ ಕಡೆ ಮಕ್ಕಳಿಗೆ ಉಣ್ಣಿಸಲು ಗುಮ್ಮ, ಪೊಲೀಸು, ಸೂಜಿ ಇದ್ದರಾಯಿತು, ಉಪ್ಪಿನಕಾಯಿಯೂ ಬೇಡ.

ಪವಿತ್ರ ಬೈಯಲಿಲ್ಲ. "ಇಷ್ಟು ಒದ್ದಾಡಿದ್ರೆ ನರ ಸಿಗಲ್ಲ. ಮೊದ್ಲು ಉಸಿರು ನಿಧಾನ ಮಾಡ್ಸೋಣ."

"ಉಸುರು ಬುಟ್ರೆ ನೋವು ಓಯ್ತದಾ? ನಾಕು ಜನ ಹಿಡ್ಕಂಡ್ರೆ ಆಯ್ತದೆ."

"ನೋವು ಪೂರ್ತಿ ಹೋಗಲ್ಲ, ಭಯ ಇಳೀತದೆ. ಹಿಡ್ಕೊಂಡ್ರೆ ನಾಳೆ ಇನ್ನೂ ಹೆದರ್ತಾಳೆ. ನೀವೇ ನಿಜ ಹೇಳಿ."

ಪುಟ್ಟಸಿದ್ದಮ್ಮ ತಟ್ಟೆ ನೋಡಿದರು. ಜ್ವರದ ಮಗು ತನ್ನ ಮಾತು ನಂಬಿ ಬೇಡದ ಅನ್ನ ನುಂಗಿತ್ತು. ತಟ್ಟೆ ಪಕ್ಕಕ್ಕಿಟ್ಟು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ನಾ ಸುಳ್ಳೇಳ್ದೆ ಕಣವ್ವ. ನೀ ಉಂಡ್ರೂ ಉಣ್ದಿದ್ರೂ ಸೂಜಿ ಹಾಕ್ತರೆ, ಕೆಮ್ಮು ಓಗ್ಲಿ ಅಂತ. ನೀನೇನೂ ತಪ್ಪು ಮಾಡಿಲ್ಲ."

"ನೋಯ್ತದಾ?"

ಇಲ್ಲವೆಂಬ ಮಾತು ಬಾಯಿಗೆ ಬಂತು. ತಡೆದುಕೊಂಡರು. "ವಸಿ ನೋಯ್ತದೆ."

ಬಿಸಿ ಹಾಲು ಆರಿಸುವಂತೆ ಊದಲು ಪವಿತ್ರ ಹೇಳಿಕೊಟ್ಟಳು. ಮೂಗಿನಿಂದ ಮೆಲ್ಲಗೆ ಒಳಗೆ, ಬಾಯಿಂದ ಇನ್ನೂ ಮೆಲ್ಲಗೆ ಹೊರಗೆ. ಮೊದಲು ಬಿಕ್ಕಳಿಕೆಯೇ ಬಂತು, ಆಮೇಲೆ ಕೆಮ್ಮು. ಪವಿತ್ರ ಕಾದಳು. ಅಜ್ಜಿಯೂ ಜೊತೆಗೆ ಊದತೊಡಗಿದರು. ಅಜ್ಜಿಯ ಎದೆಗೊರಗಿದ್ದ ಮಗುವಿನ ಉಸಿರು ನಿಧಾನವಾಗಿ ಅವರ ಉಸಿರಿನ ಜೊತೆ ಸೇರಿತು. ಸೂಜಿ ತಾಗಿದಾಗ ಅನುಶ್ರೀ ಅತ್ತಳು, ಆದರೆ ಕೈ ಎಳೆದುಕೊಳ್ಳಲಿಲ್ಲ.

ಪವಿತ್ರ ಹೋದ ಮೇಲೆ ಅಜ್ಜಿಯ ಕೈ ಅಭ್ಯಾಸದಂತೆ ತಟ್ಟೆಗೆ ಹೋಯಿತು.

"ನಂಗೆ ಬ್ಯಾಡ," ಎಂದ ಅನುಶ್ರೀ ತಕ್ಷಣ ಗಾಬರಿಯಿಂದ ಬಾಗಿಲ ಕಡೆ ನೋಡಿದಳು.

"ಬ್ಯಾಡ್ದಿದ್ರೆ ಬುಡು ಮಗಾ. ಅಸಿವಾದಾಗ ಹೇಳು."

ಬಾಗಿಲಿಂದ ಯಾರೂ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿ, ಮಗು ಕಣ್ಣು ಮುಚ್ಚಿತು.